ಮೆಣಸಿನ ಹೊಲದಲ್ಲಿ ರೇಷ್ಮೆ ಸೀರೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ನಾನು ಮೂರು ಸಲ ಸಿಟ್ಟಾಗಿದ್ದೇನೆ, ಅದರಲ್ಲಿ ಎರಡು ಸಲ ತಪ್ಪು ನನ್ನದೇ.

ಬಿ.ಎ. ಮುಗಿಸಿ ಧಾರವಾಡದಲ್ಲಿ ಒಂದು ವರ್ಷದ ಕೋರ್ಸಿಗೆ ಸೇರಿದ್ದೆ. ಫೋಟೋ ತೆಗೆಯುವುದು, ದನಿ ಹಿಡಿಯುವುದು, ಎರಡನ್ನೂ ಬರಹದ ಜೊತೆ ಕೂಡಿಸಿ, ಜನ ಮೊಬೈಲಿನಲ್ಲಿ ಬೆರಳಿಂದ ಸರಿಸುತ್ತ ನೋಡುವಂಥ ಸುದ್ದಿಕಥೆ ಮಾಡುವುದು ಅಲ್ಲಿಯ ಕಲಿಕೆ. ಅಪ್ಪ ಹೈಸ್ಕೂಲು ಮಾಸ್ತರರು. “ಫೋಟೋ ಹೊಡಿಯೂದು ಕಲಿಯಾಕ ಒಂದ ವರ್ಷ ಬೇಕೇನು?” ಎಂದು ಕೇಳಿ ಕೇಳಿಯೇ ಫೀ ಕಟ್ಟಿದ್ದರು. ಕೊನೆಯ ಪ್ರಾಜೆಕ್ಟಿನಲ್ಲಿ ಪಾಸಾಗದಿದ್ದರೆ ಎರಡನೇ ಅವಕಾಶವಿಲ್ಲ, ಸೀದಾ ಬಿ.ಎಡ್. ಎಂದು ನಮ್ಮ ಮನೆಯಲ್ಲಿ ಕರಾರಾಗಿತ್ತು. ಬಿ.ಎಡ್. ಅರ್ಜಿಯನ್ನು ಅವರು ತಮ್ಮ ದುಂಡು ಅಕ್ಷರದಲ್ಲಿ ತುಂಬಿಯೂ ಇಟ್ಟಿದ್ದರು, ನನ್ನ ಸಹಿ ಒಂದೇ ಬಾಕಿ.

ಪ್ರಾಜೆಕ್ಟಿಗೆ ವಿಷಯ ಹೇಳಿ ಎಂದಾಗ ತರಗತಿಯ ಅರ್ಧ ಜನ ನವಲಗುಂದದ ಜಮಖಾನೆ ಎಂದರು. ಉಳಿದವರಲ್ಲಿ ಬಹಳಷ್ಟು ಜನ ಕಲಘಟಗಿಯ ತೊಟ್ಟಿಲು. ಜಮಖಾನೆ ನೇಯುವ ಹೆಂಗಸರಿಗೆ ನಮ್ಮಂಥವರ ಪ್ರಶ್ನೆಗಳು ಬಾಯಿಪಾಠವಾಗಿ, ವಿದ್ಯಾರ್ಥಿಗಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ಚಹಾ ಕುಡಿಸಿ ಕಳಿಸುತ್ತಿದ್ದರಂತೆ. ನಾನು ಸಂಶಿಯ ನಮ್ಮ ಓಣಿಯ ಹೆಂಗಸರ ಗುಂಪನ್ನು ಆರಿಸಿಕೊಂಡೆ. ಎಂಟು ಜನ. ಮೆಣಸಿನಗಿಡ, ಹತ್ತಿ, ಶೇಂಗಾದ ಹೊಲಗಳಲ್ಲಿ ಕಸ ತೆಗೆಯುತ್ತಾರೆ. ಕಳೆ ಕೀಳುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಯಾವತ್ತು ಯಾರ ಹೊಲಕ್ಕೆ ಎಂದು ಫೋನಿನಲ್ಲಿ ಮಾತಾಡಿ ಗೊತ್ತು ಮಾಡುವವಳು ಎದುರು ಮನೆಯ ದೊಡ್ಡವ್ವ. ರಕ್ತಸಂಬಂಧವಿಲ್ಲ, ಮಾತು ಕಲಿತಾಗಿನಿಂದ ಹಾಗೆ ಕರೆದು ರೂಢಿ.

“ನಾಳೆ ಹೊಲಕ್ಕ ಬರ್ತೇನಿ ದೊಡ್ಡವ್ವ. ನೀವು ಕಸ ತಗಿಯೂದರ ಫೋಟೋ ಬೇಕು” ಎಂದೆ.

“ಬಾರವಾ, ನಿನಗ ಬ್ಯಾಡ ಅಂತೀವೇನು?”

“ನಿಮ್ಮನ್ನ ಕೇಳಲಾರದ ಯಾವ ಫೋಟೋನೂ ಹಾಕೂದಿಲ್ಲ” ಎಂದು, ಅವಳು ಕೇಳದಿದ್ದರೂ ಮೇಲೆ ಬಿದ್ದು ಮಾತು ಕೊಟ್ಟೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಆ ಪಾಠವಾಗಿತ್ತು, ಅದರ ಬಿಸಿ ಇನ್ನೂ ಆರಿರಲಿಲ್ಲ.

ಮರುದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರೆ ಎಂಟೂ ಜನ ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ. ಮುಖಕ್ಕೆ ಪೌಡರು, ತಲೆಗೆ ಅಬ್ಬಲಿಗೆ ದಂಡೆ, ಕೈತುಂಬ ಬಳೆ. ಎರೆಮಣ್ಣಿನ ನಡುವೆ ನೇರಳೆ, ಹಸಿರು, ಕೆಂಪು. ಹೊಲದ ಯಜಮಾನರು ಬದುವಿನ ಮೇಲೆ ಬಂದವರು ಹೌಹಾರಿದರು.

“ಕಸ ತಗಿಯಾಕ ಬಂದೀರೋ, ಬೀಗರ ಊಟಕ್ಕ ಬಂದೀರೋ?”

“ಹೊಲಸಾದ್ರ ನಮ್ಮ ಸೀರಿ ಹೊಲಸಾಗತಾವ್ರಿ, ನಿಮ್ಮ ಹೊಲಕ್ಕೇನಾಗತೈತಿ?” ಎಂದಳು ದೊಡ್ಡವ್ವ.

ನನ್ನ ಮೊದಲನೇ ಸಿಟ್ಟು ಆಗಲೇ ಬಂತು. ದಿನದ ಹಾಗೆ ಇರಿ ಎಂದರೆ ಯಾರೂ ಕೇಳಲಿಲ್ಲ. ಕಸ ತೆಗೆಯುವ ಪುಟ್ಟ ಕುಡುಗೋಲು, ಕುರ್ಚಿಗಿ, ಹಿಡಿದು ಬಗ್ಗುವುದು, ಕ್ಯಾಮೆರಾ ಮೇಲೆತ್ತಿದೊಡನೆ ಎದ್ದು ನೆಟ್ಟಗೆ ನಿಲ್ಲುವುದು. ಯಾರೂ ನಗಲಿಲ್ಲ, ಫೋಟೋದಲ್ಲಿ ನಗುವುದು ಹುಡುಗಾಟಿಕೆ ಎಂದು ಅವರ ಲೆಕ್ಕ. ನೂರಾರು ಚಿತ್ರ ತೆಗೆದೆ, ಎಲ್ಲದರಲ್ಲೂ ಎಂಟು ಜನ ಮದುಮಗಳ ಅತ್ತೆಯಂದಿರು.

ನಮಗೆ ಪಾಠ ಹೇಳುವ ಸರ್ ಅರ್ಧ ಆಯುಷ್ಯ ಪತ್ರಿಕೆಗಳಿಗೆ ಫೋಟೋ ತೆಗೆದವರು. ನನ್ನ ಚಿತ್ರಗಳನ್ನು ಸಮಾಧಾನದಿಂದ ನೋಡಿದರು.

“ಫೋಕಸ್ ಚಲೋ ಐತಿ, ಬೆಳಕು ಚಲೋ ಐತಿ. ಆದ್ರ ಇದು ಮದುವಿ ಆಲ್ಬಮ್ ಆತಲ್ಲವಾ. ಕೆಲಸ ಎಲ್ಲೈತಿ? ಈ ಸಲ ಹೇಳಲಾರದ ಹೋಗು. ಅವರು ಹೆಂಗದಾರೋ ಹಂಗ ಹಿಡಕೊಂಡು ಬಾ.”

ನಾನು ಹೋದೆ. ಕೊಟ್ಟ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೋಟೋ ಹಾಕುವುದಿಲ್ಲ ಎಂದಿದ್ದೆ, ತೆಗೆಯುವುದಿಲ್ಲ ಎಂದಿರಲಿಲ್ಲ ಎಂದು ವಕೀಲರ ಹಾಗೆ ಸಮಾಧಾನ ಮಾಡಿಕೊಂಡೆ. ವಿಭಾಗದಿಂದ ದೂರದ ಲೆನ್ಸ್ ಕೇಳಿ ತಂದು, ರಸ್ತೆ ಬದಿಯ ಬಳ್ಳಾರಿ ಜಾಲಿಯ ಮರೆಯಲ್ಲಿ ಮುಳ್ಳು ತರಚಿಸಿಕೊಂಡು ನಿಂತೆ. ಆ ದಿನ ಅವರು ಹರಿದ ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟಿದ್ದರು. ದೊಡ್ಡವ್ವನ ಹೆಬ್ಬೆರಳಿಗೆ ಕುರ್ಚಿಗಿ ತಾಗಿತ್ತು. ಬದುವಿನ ಮೇಲೆ ಕೂತು, ಬಟ್ಟೆಯ ಚೂರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆರಳಿಗೆ ಬಿಗಿಯುತ್ತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು, ಹಿಂದೆ ಸಾಲಾಗಿ ಏಳು ಬಗ್ಗಿದ ಬೆನ್ನುಗಳು. ಒಂದೇ ಕ್ಲಿಕ್. ಇವತ್ತಿಗೂ ನಾನು ತೆಗೆದ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಸರ್ ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. “ಇದು ಫೋಟೋ! ಮೊದಲನೇ ಚಿತ್ರ ಇದ ಆಗಬೇಕು” ಎಂದರು. ಆ ಮಾತಿಗೆ ನಾನು ಧಾರವಾಡದಿಂದ ಸಂಶಿಯತನಕ ಬಸ್ಸಿನಲ್ಲಿ ನಗುತ್ತಲೇ ಬಂದೆ. ಅದೇ ನಗುವಿನಲ್ಲಿ ದೊಡ್ಡವ್ವನ ಮನೆಗೆ ಹೋಗಿ ಮೊಬೈಲನ್ನು ಅವಳ ಕೈಗಿಟ್ಟೆ.

ಅವಳು ಬಹಳ ಹೊತ್ತು ನೋಡಿದಳು.

“ಯಾವಾಗ ತಗದಿ ಇದನ್ನ?”

ಹೇಳಿದೆ.

“ಗಿಡದ ಹಿಂದ ನಿಂತು ಕದ್ದು ತಗದಿ. ಮನ್ನಿ ಮಾತು ಕೊಟ್ಟಾಕಿ ನೀನ ಹೌದಲ್ಲೇನು?”

“ಹಾಕೂದಕ್ಕ ಮೊದಲ ಕೇಳಾಕ ಬಂದೇನಲ್ಲ ದೊಡ್ಡವ್ವ. ಇದು ಇರದಿದ್ರ ನಾ ಪಾಸಾಗೂದಿಲ್ಲ. ನಮ್ಮ ಸರ್‌ಗೆ ನೀವು ಇದ್ದಂಗ ಬೇಕು.”

“ನಿಮ್ಮ ಸರ್‌ನ ಒಂದ ಮಾತು ಕೇಳು. ಅವರ ಮನಿ ಗ್ವಾಡಿ ಮ್ಯಾಲ ಫೋಟೋ ಹಾಕಿರತಾರಲ್ಲ, ಅದರಾಗ ಬನಿಯನ್ ಮ್ಯಾಲ ನಿಂತಾರೇನು ಅವರು?”

ಮೊಬೈಲನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು. ಮೂರು ದಿನ ಮಾತಿಲ್ಲ. ನಾನು ಕಟ್ಟೆಯ ಮೇಲೆ ನಿಂತರೆ ಅವಳು ಬಾಗಿಲು ಮುಚ್ಚಿಕೊಳ್ಳುವಳು. ನನಗೂ ಸಿಟ್ಟು ಬಂತು, ಎರಡನೆಯದು. ಇಷ್ಟು ಚಂದದ ಚಿತ್ರ ತೆಗೆದದ್ದು ಒಂದು ಅಪರಾಧವೇ ಎಂದು ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಅಕ್ಕಿ ಆರಿಸುತ್ತ, “ನಿನ್ನ ಐಡಿ ಕಾರ್ಡಿನ ಫೋಟೋ ಎಷ್ಟ ಸಲ ತಗಸಿದಿ?” ಎಂದಳು.

ಮೂರು ಸಲ. ಮೊದಲನೆಯದರಲ್ಲಿ ಕೂದಲು ಸರಿಯಿರಲಿಲ್ಲ, ಎರಡನೆಯದರಲ್ಲಿ ಕಪ್ಪಗೆ ಕಂಡಿದ್ದೆ. ಸ್ಟುಡಿಯೋದವನ ಜೊತೆ ಜಗಳ ಆಡಿ ಮೂರನೆಯದನ್ನು ತೆಗೆಸಿದ್ದೆ. ಯಾರೂ ನನ್ನನ್ನು ಗಿಡದ ಹಿಂದಿನಿಂದ ತೆಗೆದಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

ಅವತ್ತೇ ಸಂಜೆ ಎದುರು ಮನೆಗೆ ಹೋದೆ. ದೊಡ್ಡವ್ವ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

“ತಪ್ಪಾತು ದೊಡ್ಡವ್ವ. ಆ ಫೋಟೋ ಹಾಕೂದಿಲ್ಲ.”

“ಹಾಕಲಿಲ್ಲಂದ್ರ ಫೇಲಾಗ್ತೇನಿ ಅಂದಿದ್ದಿ?”

“ಆಗ್ತೇನಿ. ಆಗಲಿ.”

ಅವಳು ಸೊಪ್ಪಿನ ಅರ್ಧವನ್ನು ನನ್ನ ಕಡೆ ಸರಿಸಿದಳು. “ಫೇಲ್ ಯಾಕ ಆಗ್ತಿ? ನಾವು ಹೆಂಗ ನಿಂದ್ರತೀವೋ ಹಂಗ ತಗಿ. ಅದರಾಗ ನಿನ್ನ ಶ್ಯಾಣೇತನ ತೋರಸು.”

ಸೊಪ್ಪು ಬಿಡಿಸುತ್ತ ಬಿಡಿಸುತ್ತ ನನಗೆ ಹೊಳೆಯಿತು. “ಹಂಗಾರ ಕೆಲಸ ಮಾಡೂಮುಂದ ನೀವು ಮಾತಾಡೂದನ್ನ ರೆಕಾರ್ಡ್ ಮಾಡಲೇನು? ಮುಂದ ನಿಂತು, ನಿಮಗ ಗೊತ್ತಿದ್ದಂಗ?”

“ಮಾಡ್ಕೋ. ದನಿಗೇನು ಸೀರಿ ಉಡಸಾಕ ಬರತೈತಿ?” ಎಂದು ನಕ್ಕಳು.

ಮುಂದಿನ ಎರಡು ವಾರ ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ರೆಕಾರ್ಡರಿನ ಮೈಕಿಗೆ ಗಾಳಿ ಬಡಿಯದಿರಲಿ ಎಂದು ಅಕ್ಕನ ಕೂಸಿನ ತಲೆಯ ಕುಂಚಿಗೆಯನ್ನು ತೊಡಿಸಿದೆ. ಅದನ್ನು ನೋಡಿ ಎಂಟೂ ಜನ ಹೊಲದಲ್ಲಿ ಬಿದ್ದು ಬಿದ್ದು ನಕ್ಕರು, ಆಮೇಲೆ ದಿನಾ ಬೆಳಿಗ್ಗೆ “ಕೂಸು ಹಾಲು ಕುಡೀತೇನು?” ಎಂದು ಕೇಳತೊಡಗಿದರು. ನಾನೂ ಒಂದು ಸಾಲು ಹಿಡಿದು ಕಸ ತೆಗೆದೆ. ಕಸದ ಜೊತೆ ನಾಲ್ಕು ಮೆಣಸಿನಗಿಡವನ್ನೂ ಕಿತ್ತು ಬೈಸಿಕೊಂಡೆ. ಆ ಬೈಗುಳವೂ ರೆಕಾರ್ಡ್ ಆಗಿದೆ. ಕುರ್ಚಿಗಿ ಮಣ್ಣಿಗೆ ತಾಗುವ ಸದ್ದು, ಬಳೆ, ಕೆಮ್ಮು, ಬೆನ್ನು ನೆಟ್ಟಗೆ ಮಾಡುವಾಗ ಬರುವ “ಯವ್ವಾ”, ಮಗಳ ಕಾಲೇಜಿನ ಮಾತು, ಗಂಡನ ಮೇಲಿನ ದೂರು, ಎಲ್ಲ ಬಂತು. ದಿನದ ಕೊನೆಗೆ ಬದುವಿನ ಮೇಲೆ ಕೂಡಿಸಿ ಕೇಳಿಸುತ್ತಿದ್ದೆ. ಬೇಡ ಎಂದದ್ದನ್ನು ಅಲ್ಲೇ ತೆಗೆದುಹಾಕುತ್ತಿದ್ದೆ. ಗಂಡನ ಮೇಲಿನ ದೂರು ತೆಗೆಯಲೇ ಎಂದರೆ, ದೂರಿದಾಕೆಯೇ, “ಅದನ್ನ ಮಾತ್ರ ಇಡು” ಎಂದಳು.

ಫೋಟೋಕ್ಕೆ ಮತ್ತೆ ಅವೇ ರೇಷ್ಮೆ ಸೀರೆ ಉಟ್ಟು, ಒಬ್ಬೊಬ್ಬರೂ ತಾವೇ ಜಾಗ ಆರಿಸಿಕೊಂಡರು. ಎಲ್ಲರಿಗಿಂತ ಹಿರಿಯಾಕೆ ಯಜಮಾನರ ಟ್ರ್ಯಾಕ್ಟರಿನ ಮೇಲೆ ಸ್ಟಿಯರಿಂಗ್ ಹಿಡಿದು ಕೂತಳು. ಒಬ್ಬಾಕೆ ಮಗನ ತಂಪು ಕನ್ನಡಕ ಹಾಕಿಕೊಂಡಳು. ದೊಡ್ಡವ್ವ ತಾನು ಕಸ ತೆಗೆದು ಮುಗಿಸಿದ ಹೊಲದ ನಡುವೆ, ರಾಣಿಯಂತೆ, ಬರಿಗೈಯಲ್ಲಿ ನಿಂತಳು.

ಸರ್‌ಗೆ ಎಲ್ಲ ಹೇಳಿದೆ. ಅವರು ಮುಖ ಗಂಟಿಕ್ಕಿದರು. “ಆ ಫೋಟೋ ಬಿಟ್ಟು ಇದನ್ನ ತಂದೀ? ನಿನ್ನ ಹಟ, ನಿನ್ನ ಮಾರ್ಕು. ಪರೀಕ್ಷೆಗೆ ಹೊರಗಿನವರು ಬರ್ತಾರ, ಅವರಿಗೆ ನೀನ ಉತ್ತರ ಕೊಡು.”

ಪ್ರದರ್ಶನದ ದಿನ ಮನೆಯವರನ್ನು ಕರೆತರಬಹುದಿತ್ತು. ಅಪ್ಪ, ಅಮ್ಮ ಬಂದರು. ಎಂಟೂ ಜನ ಒಂದು ದಿನದ ಕೆಲಸ ಬಿಟ್ಟು ಟೆಂಪೋ ಮಾಡಿಕೊಂಡು, ಅವೇ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಜಮಖಾನೆಗಳು ಮುಗಿದವು, ತೊಟ್ಟಿಲುಗಳು ಮುಗಿದವು. ನನ್ನ ಸರದಿ ಬಂತು.

ಪರದೆಯ ಮೇಲೆ ಮೊದಲು ಬರೀ ಮೆಣಸಿನ ಹೊಲ. ಕುರ್ಚಿಗಿಯ ಸದ್ದು. ಎಂಟು ಕುರ್ಚಿಗಿ, ಎಂಟು ಉಸಿರು. ಆಮೇಲೆ ಟ್ರ್ಯಾಕ್ಟರ್ ಮೇಲಿನ ಅಜ್ಜಿ ಬಂದಳು. ಅವಳು ದೊಡ್ಡ ಕಣ್ಣು ಬಿಟ್ಟು ಸಭೆಯನ್ನು ನೋಡುತ್ತಿದ್ದರೆ, ಹಿನ್ನೆಲೆಯಲ್ಲಿ ಅವಳದೇ ದನಿ, ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚಿದರೂ ಕೇಳುತ್ತಿಲ್ಲ ಎಂದು ಹೇಳುತ್ತಿತ್ತು. ನನಗೆ ಬೈದದ್ದಕ್ಕೆ ಸಭೆ ಗೊಳ್ಳೆಂದು ನಕ್ಕಿತು. ಗಂಡನ ಮೇಲಿನ ದೂರಿಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಕೊನೆಗೆ ಬಂದದ್ದು ದೊಡ್ಡವ್ವನ ಚಿತ್ರ.

ಪರೀಕ್ಷಕರು ಹೊರ ಊರಿನ ಪತ್ರಕರ್ತೆ, ಮಾತು ಕಡಿಮೆ. ಕನ್ನಡಕ ತೆಗೆದು ಕೇಳಿದರು. “ದನಿ ಚೆನ್ನಾಗಿದೆ. ಆದರೆ ಎಲ್ಲರೂ ರೇಷ್ಮೆ ಸೀರೆಯಲ್ಲಿದ್ದಾರೆ. ಕೆಲಸ ಮಾಡುವ ಒಂದು ಚಿತ್ರವೂ ಇಲ್ಲ. ನೋಡುವವರು ಇದನ್ನು ಏಕೆ ನಂಬಬೇಕು?”

ಮೂರನೇ ಸಿಟ್ಟು ಬಂತು. ಕಲಿತ ಪಾಠವೆಲ್ಲ ಮರೆತುಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ದೊಡ್ಡವ್ವ ಎದ್ದು ನಿಂತಿದ್ದಳು.

“ನಾ ಹೇಳಲೇನ್ರಿ, ಮೇಡಂ? ರಸ್ತಿ ಬಾಜೂಕನ ನಾವು ದುಡಿಯೂ ಹೊಲ. ದಿನಾ ಎಷ್ಟ ಬಸ್ ಹೋಗ್ತಾವು. ಅದರಾಗ ಕುಂತವರೆಲ್ಲಾ ನಾವು ಬಗ್ಗಿದ್ದು ನೋಡ್ಯಾರ, ನಮ್ಮ ಬೆನ್ನು ನೋಡ್ಯಾರ. ಅದಕ್ಕ ಮತ್ತೊಂದು ಫೋಟೋ ಯಾಕ ಬೇಕ್ರಿ? ನಮ್ಮ ಮಾರಿ ಮಾತ್ರ ಯಾರೂ ನೋಡಿಲ್ಲ. ಈಕಿ ಕ್ಯಾಮೆರಾ ತಂದ್ಲು. ಎದ್ದು ನಿಂತ್ವಿ.”

ಹೇಳಿ ಕೂತಳು. ನಾನು ಅಲ್ಲೇ, ಮೈಕಿನ ಮುಂದೆ, ಅತ್ತುಬಿಟ್ಟೆ. ಮೂರು ವರ್ಷ ಅದೇ ಬಸ್ಸಿನ ಕಿಟಕಿ ಪಕ್ಕ ಕೂತು ಕಾಲೇಜಿಗೆ ಹೋದವಳು ನಾನು. ಆ ಬೆನ್ನುಗಳನ್ನು ನೋಡಿದ್ದೇನೆ. ಅದರಲ್ಲಿ ಒಂದು ದೊಡ್ಡವ್ವನದು ಎಂದು ಒಂದು ದಿನವೂ ಗುರುತಿಸಿರಲಿಲ್ಲ.

ಪರೀಕ್ಷಕರು ಕನ್ನಡಕ ಮತ್ತೆ ಹಾಕಿಕೊಂಡು, “ಮೊದಲಿನಿಂದ ಇನ್ನೊಮ್ಮೆ ಹಾಕಿ” ಎಂದರು. ಆ ದಿನ ಎರಡು ಸಲ ತೋರಿಸಿದ ಪ್ರಾಜೆಕ್ಟು ನನ್ನದೊಂದೇ. ಸಂಜೆ ಫಲಿತಾಂಶ ಓದಿದಾಗ ಮೊದಲ ಹೆಸರೂ ನನ್ನದೇ. ಟ್ರ್ಯಾಕ್ಟರ್ ಅಜ್ಜಿ ಹೊಡೆದ ಸಿಳ್ಳೆಗೆ ಅಪ್ಪ ಬೆಚ್ಚಿಬಿದ್ದರು. ಆಮೇಲೆ ಕಣ್ಣೊರೆಸಿಕೊಂಡು, ಸಿಕ್ಕವರಿಗೆಲ್ಲ “ನಮ್ಮ ಹುಡುಗಿ, ನಮ್ಮ ಓಣಿಯವರು” ಎಂದು ಹೇಳುತ್ತ ತಿರುಗಿದರು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಹೊರಗೆ ಟೆಂಪೋ ಹತ್ತುವ ಹೊತ್ತಿಗೆ ಸರ್ ತಮ್ಮ ಹಳೇ ಕ್ಯಾಮೆರಾ ಹಿಡಿದುಕೊಂಡು ಓಡುತ್ತ ಬಂದರು. ಎಂಟೂ ಜನ ಬಾಗಿಲ ಬಳಿ ಗದ್ದಲ ಹಾಕುತ್ತ, ಒಬ್ಬರನ್ನೊಬ್ಬರು ನೂಕುತ್ತ, ನಗುತ್ತ ನಿಂತಿದ್ದರು. ಅವರಂಥ ಫೋಟೋಗ್ರಾಫರ್ ಬಿಡಲಾರದ ಗಳಿಗೆ ಅದು. ಕ್ಯಾಮೆರಾ ಕಣ್ಣಿಗೆ ಹಿಡಿದರು, ಬೆರಳು ಗುಂಡಿಯ ಮೇಲೆ ಹೋಯಿತು.

“ತಡೀರಿ ಸರ್” ಎಂದಳು ದೊಡ್ಡವ್ವ. “ಸೆರಗು ಸರಿ ಮಾಡ್ಕೋತೀವಿ.”

ಸರ್ ಕ್ಯಾಮೆರಾ ಕೆಳಗಿಳಿಸಿದರು. “ಆಗಲ್ರಿ ಅವ್ವಾರ, ಸಾವಕಾಶ ಮಾಡ್ಕೋರಿ” ಎಂದು ಬಿಸಿಲಲ್ಲೇ ಕಾಯುತ್ತ ನಿಂತರು.