ಸೈಕಲ್ಲಿಗೆ ಮೋಟರು, ಅಪ್ಪನ ಕಾಲಿಗೆ ಚಪ್ಪಲಿ

ಏರಿನಲ್ಲಿ ದಮ್ಮು ಕಟ್ಟಿ ಸೈಕಲ್ ತುಳಿಯಬಾರದು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ನಿದ್ದೆ ಕೆಟ್ಟಿದ್ದು ಮಾತ್ರ ನನ್ನದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಅಪ್ಪ, ಸುಸ್ತು ಕಳೆಯುತ್ತಲೇ ಚಿಕ್ಕಬಾಣಾವರ ಸ್ಟೇಷನ್ ಹತ್ತಿರದ ಟೀ ಅಂಗಡಿಗೆ ಸೈಕಲ್ ಏರಿ ಹೊರಟು ನಿಂತ. ಹಳೆಯ ಸ್ನೇಹಿತರೆಲ್ಲ ಅಲ್ಲೇ ಸೇರುವುದು. ಆಟೋದಲ್ಲಿ ಹೋಗು ಎಂದರೆ, "ಟೀ ಕುಡಿಯಕ್ಕೆ ಆಟೋನಾ?" ಎಂದು ನಕ್ಕುಬಿಟ್ಟ.

ಸರಿ, ಸೈಕಲ್ಲಿಗೇ ಮೋಟರು ಹಾಕಿಸೋಣ ಎಂದುಕೊಂಡೆ. ಮನೆಯಲ್ಲಿ ಮೂರು ಸೈಕಲ್ ಇದ್ದವು. ಯಾವುದಕ್ಕೆ ಹಾಕಿಸುವುದು? ಕುಕ್ಕರ್ ಕೂಗುವುದು ತಡವಾದರೆ ಸಿಡಿದೀತೆಂದು ಅಡುಗೆಮನೆಯಿಂದ ಆಚೆ ಹೋಗಿ ನಿಲ್ಲುವ ಹೆಂಗಸು ನಾನು. ಫೋನಿನಲ್ಲಿ ಸಿಕ್ಕ ವೀಡಿಯೊಗಳನ್ನೆಲ್ಲ ನೋಡಿದೆ. ಮೋಟರಿನ ಬ್ಯಾಟರಿಯಷ್ಟು ಭಾರಕ್ಕೆ ರಾಗಿ ಹಿಟ್ಟಿನ ಚೀಲ ಕಟ್ಟಿ, ಒಂದೊಂದು ಸೈಕಲ್ಲನ್ನೂ ನಮ್ಮ ಬೀದಿಯ ಇಳಿಜಾರಿನಲ್ಲಿ ನಾನೇ ಓಡಿಸಿ ಬ್ರೇಕ್ ಹಿಡಿದು ನೋಡಿದೆ. ಅಕ್ಕಪಕ್ಕದವರು ನಕ್ಕರು. ನಗಲಿ.

ಅಪ್ಪನ ಎತ್ತರದ ಕರಿ ಸೈಕಲ್ ಕಬ್ಬಿಣದ್ದೇನೋ ಹೌದು, ಗಟ್ಟಿಯಾಗಿತ್ತು. ಬ್ರೇಕ್ ಮಾತ್ರ ಹೆಸರಿಗಷ್ಟೇ. ಹಿಟ್ಟಿನ ಸಮೇತ ನನ್ನನ್ನು ಕರೆಂಟ್ ಕಂಬದ ಬುಡಕ್ಕೆ ಒಯ್ದಿತು.

"ಇಷ್ಟು ವರ್ಷ ಇದನ್ನ ಹೆಂಗಪ್ಪಾ ನಿಲ್ಲಿಸ್ತಿದ್ದೆ?" ಎಂದು ಕೇಳಿದೆ.

"ನಿಲ್ತದೆ," ಎಂದ ಅಪ್ಪ. ನಾನೂ ಅಲ್ಲಿಗೇ ಬಿಟ್ಟೆ.

ನನ್ನ ಗಂಡ ಹೊಟ್ಟೆ ಕರಗಿಸಲು ತಂದು, ಬಟ್ಟೆ ಒಣಹಾಕಲು ಬಳಸುತ್ತಿದ್ದ ಗೇರ್ ಸೈಕಲ್ಲಿಗೆ ಒಳ್ಳೆಯ ಬ್ರೇಕಿತ್ತು. ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು ಅಲ್ಯೂಮಿನಿಯಂನದು. ಮೋಟರಿನ ಎಳೆತಕ್ಕೆ ಅದು ಮುರಿದರೆ ಎಂಬ ಯೋಚನೆ ಬಂದದ್ದೇ ಅದನ್ನು ಮತ್ತೆ ಬಟ್ಟೆಗಳಿಗೇ ಬಿಟ್ಟುಕೊಟ್ಟೆ. ಉಳಿದದ್ದು ನಾನು ಕಾಲೇಜಿಗೆ ಹೋಗುತ್ತಿದ್ದ ಲೇಡೀಸ್ ಸೈಕಲ್. ಕವಲು ಕಬ್ಬಿಣದ್ದು, ನಡುವಿನ ಕಂಬಿ ತಗ್ಗು, ಹತ್ತುವಾಗ ಕಾಲೆತ್ತಿ ಹಾಕಬೇಕಿಲ್ಲ. ಹೊಸ ಬ್ರೇಕ್ ರಬ್ಬರ್ ಹಾಕಿಸಿದ ಮೇಲೆ ಹಿಡಿದಲ್ಲೇ ನಿಂತಿತು.

"ಎಣ್ಮಕ್ಳ ಸೈಕಲ್ ಮ್ಯಾಲೆ ಕೂತ್ಕಂಡು ಸ್ಟೇಷನ್‌ಗೆ ಓಗ್ಲಾ ನಾನು?"

"ಬೇಡ ಬಿಡು. ಮನೇಲೇ ಕುಡಿ ಟೀ."

ಅಪ್ಪ ದುರುಗುಟ್ಟಿ ನೋಡಿದ. ಮಾರನೆಯ ಬೆಳಿಗ್ಗೆ ತಾನೇ ಸ್ಪ್ಯಾನರ್ ಹಿಡಿದು ಸೀಟು ಎತ್ತರಿಸಿಕೊಳ್ಳುತ್ತಿದ್ದ.

ಮೋಟರು ಬಂತು. ಬ್ರೇಕ್ ಹಿಡಿದರೆ ಮೋಟರೂ ತಾನಾಗಿ ನಿಲ್ಲುವ ಏರ್ಪಾಡಿತ್ತು. ಮೊದಲ ಸವಾರಿಗೆ ನಾನು ಇಳಿಜಾರಿನ ಕೆಳಗೆ ಕಾದು ನಿಂತೆ. ಅಪ್ಪ ಗುಂಯ್ ಎಂದು ಬಂದ. ತಿರುವಿನಲ್ಲಿ ಬ್ರೇಕಿನ ಮೇಲಿದ್ದ ಬೆರಳು ಅಲುಗಲೇ ಇಲ್ಲ. ಎಡಗಾಲು ಕೆಳಗಿಳಿದು ಚಪ್ಪಲಿ ಸರ್ರನೆ ರಸ್ತೆಗೆ ಉಜ್ಜಿತು. ಮೋಟರು ಎಳೆಯುತ್ತಲೇ ಇತ್ತು. ಎದುರುಮನೆಯವರ ಮರಳಿನ ರಾಶಿ ಇಲ್ಲದಿದ್ದರೆ ಏನಾಗುತ್ತಿತ್ತೋ.

"ಬ್ರೇಕ್ ಯಾಕಪ್ಪಾ ಹಿಡೀಲಿಲ್ಲ?" ಎಂದು ಕಿರುಚಿದೆ.

ಅಪ್ಪ ಮರಳು ಕೊಡವಿಕೊಂಡ. "ಇಡಿದ್ರೆ ರಬ್ಬರು ಸವೀತದಲ್ಲಮ್ಮ."

ಅಪ್ಪನ ಎಡಗಾಲಿನ ಚಪ್ಪಲಿಯೇ ಯಾಕೆ ಮೊದಲು ಸವೆಯುತ್ತಿತ್ತು ಎಂಬುದು ಆಗ ತಿಳಿಯಿತು. ಪ್ರತಿ ಸಲವೂ ನಾನು ಚಪ್ಪಲಿ ಅಂಗಡಿಯವನನ್ನು ಬೈದು ಬಂದಿದ್ದೆ.

ಸಿಟ್ಟಿನಲ್ಲಿ ಆ ಚಪ್ಪಲಿ ಕಿತ್ತುಕೊಂಡು, "ಈಗ ಬಾ ನೋಡೋಣ," ಎಂದೆ. ಅಪ್ಪ ಮತ್ತೆ ಮೇಲಿನಿಂದ ಬಂದ. ತಿರುವಿನಲ್ಲಿ ಎಡಗಾಲು ಕೆಳಗಿಳಿಯಿತು, ಕಾದ ಟಾರು ತಾಗಿ ತಟ್ಟನೆ ಹಿಂದೆ ಸರಿಯಿತು. ಬೆರಳು ಬ್ರೇಕ್ ಹಿಡಿಯಿತು. ಸೈಕಲ್ ನನ್ನೆದುರು ನಿಂತಿತು. ನಾನು ಚಪ್ಪಲಿ ಹಿಡಿದುಕೊಂಡೇ ಅತ್ತುಬಿಟ್ಟೆ.

"ನಿಂತಲ್ಲ, ಇನ್ಯಾಕಮ್ಮ ಅಳ್ತೀಯ?" ಎಂದ.

ಅಂದಿನಿಂದ ಸೈಕಲ್ ಮೇಲಿರುವಾಗ ಎಡಗಾಲಿನ ಚಪ್ಪಲಿ ಮುಂದಿನ ಬುಟ್ಟಿಯಲ್ಲಿರಬೇಕು ಎಂದು ಮಾತಾಯಿತು. ಹೊಸ ಜೊತೆ ತಂದುಕೊಟ್ಟೆ. ಸಂಜೆ ಅಪ್ಪ ಒಳಗೆ ಹೋದಮೇಲೆ ಬಾಗಿಲಲ್ಲಿ ಎಡಗಾಲಿನ ಚಪ್ಪಲಿ ತಿರುಗಿಸಿ ನೋಡುವುದು ನನಗೆ ಅಭ್ಯಾಸವಾಯಿತು. ಬಹಳ ದಿನ ಅಡಿಯ ಗೆರೆಗಳು ಹಾಗೇ ಇದ್ದವು. ಮೊನ್ನೆ ನೋಡಿದರೆ ಹಿಮ್ಮಡಿಯ ಕಡೆ ನುಣ್ಣಗಾಗಿದೆ.

ಮಾರನೆಯ ದಿನ ಅಪ್ಪ ಮಂಚದ ಕೆಳಗೆಲ್ಲ ಹುಡುಕಿದ. "ನನ್ ಚಪ್ಪಲಿ ನೋಡಿದ್ಯೇನಮ್ಮ?"

"ನಂಗೇನ್ ಗೊತ್ತು?" ಎಂದೆ ಅಡುಗೆಮನೆಯಿಂದ. ಎಡಗಾಲಿನದು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗಿತ್ತು.

ಅಪ್ಪ ಸೈಕಲ್ಲಿನ ಬುಟ್ಟಿಯಲ್ಲೂ ಒಮ್ಮೆ ಇಣುಕಿದ. ಆಮೇಲೆ ಬಲಗಾಲಿನದನ್ನು ಮಾತ್ರ ಮೆಟ್ಟಿಕೊಂಡು ಸೈಕಲ್ ಏರಿ ಹೊರಟ.