ಎರಡನೇ ಒಲೆ

ಬೀದಿಯವರು ಅವಳಿಗೆ ಇಟ್ಟ ಹೆಸರು ‘ಮೂವತ್ತು ದಿನ’. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮನೆಮನೆಯ ಖರ್ಚಿನ ಸರ್ವೆ ಮಾಡುವ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷದ ಕೆಲಸ. ಯಾರ ಬಾಗಿಲು ತಟ್ಟಿದರೂ ಮಾತು ಶುರುವಾಗುವುದು ಒಂದೇ ಥರ. “ಕಳೆದ ಮೂವತ್ತು ದಿನದಲ್ಲಿ ಈ ಮನೇಲಿ ಎಷ್ಟು ಅಕ್ಕಿ ಖರ್ಚಾಯ್ತು?” ಅಲ್ಲಿಂದ ಎಣ್ಣೆ, ಹಾಲು, ಸೋಪು, ಬಸ್ಸು, ಮಾತ್ರೆ, ಚಪ್ಪಲಿ, ಒಟ್ಟು ಮುನ್ನೂರು ಚಿಲ್ಲರೆ ಪ್ರಶ್ನೆ. ಎರಡೂವರೆ ಗಂಟೆ ಯಾರು ತಾನೇ ಸಹಿಸುತ್ತಾರೆ? “ನಾವು ತಿನ್ನೋದನ್ನ ಎಣಿಸೋಕೆ ನೀನ್ಯಾರು?” ಎಂದು ಮುಖದ ಮೇಲೇ ಬಾಗಿಲು ಹಾಕಿದವರುಂಟು, ನಾಯಿ ಬಿಟ್ಟವರುಂಟು. ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಮತ್ತೆ ತಟ್ಟುತ್ತಿದ್ದಳು.

ಇಷ್ಟೆಲ್ಲ ಬೈಸಿಕೊಂಡು ಅವಳು ತಿಳಿದದ್ದು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ತಿಳಿದಿರಲಿಲ್ಲ. ಅವಳು ಸೇರಿದ ವರ್ಷ ನಮೂನೆಯಲ್ಲಿ ಕಾಳುಕಡ್ಡಿಯ ಪುಟವೇ ಉದ್ದ. ಈಗ ಅದು ಕುಗ್ಗಿ, ಕೊನೆಯ ಪುಟಗಳು ಊದಿಕೊಂಡಿವೆ: ಫೋನಿನ ರೀಚಾರ್ಜು, ಕಂತಿನ ಟಿವಿ, ಬಾಗಿಲಿಗೆ ಬರುವ ಪಾರ್ಸೆಲ್ಲು, ಪೊಟ್ಟಣದ ತಿಂಡಿ. ಜನ ಏಳಿಗೆ ಹೊಂದಿದ್ದಾರೆ ಎಂದು ಮೇಲಿನವರು ವರದಿ ಬರೆದು ಕೈತೊಳೆದುಕೊಂಡರು. ಅವಳು ಕಂಡದ್ದು ಬೇರೆ. ಕೈ ಬಿಗಿಯಾದ ತಿಂಗಳಲ್ಲಿ ಮನೆಯವರು ಮೊದಲು ಬೇಳೆ ಕಡಿಮೆ ಮಾಡುತ್ತಾರೆ, ಆಮೇಲೆ ಹಣ್ಣು, ಆಮೇಲೆ ಹಾಲು. ಟಿವಿಯ ಕಂತು ನಿಲ್ಲುವುದಿಲ್ಲ. ನಿಂತರೆ ಅಂಗಡಿಯವನು ಬಂದು ಟಿವಿ ಹೊತ್ತುಕೊಂಡು ಹೋಗುತ್ತಾನೆ. ಹಾಲು ನಿಂತರೆ ಯಾರೂ ಬಂದು ಕೇಳುವುದಿಲ್ಲ.

ಅವಳ ಕೆಲಸದಲ್ಲಿ ಮನೆ ಎಂದರೆ ಗೋಡೆಯಲ್ಲ, ರಕ್ತವೂ ಅಲ್ಲ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಮನೆ. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಯಾವ ಒಲೆಯ ರಾತ್ರಿಯೂಟ ಉಂಡರೋ ಆ ಮನೆಗೆ ಸೇರಿದವರು. ಒಬ್ಬರನ್ನು ಎರಡು ಒಲೆಗೆ ಬರೆಯುವಂತಿಲ್ಲ. ಅಪರೂಪಕ್ಕೆ ಬಂದು ಉಂಡವರಿಗೆ ಕೊನೆಯ ಪುಟದಲ್ಲಿ ‘ಹೊರಗಿನವರಿಗೆ ಬಡಿಸಿದ ಊಟ’ ಎಂಬ ಬೇರೆ ಸಾಲಿದೆ. ಬರೆದದ್ದು ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿಸಬೇಕು. ಈ ಕಟ್ಟಳೆಗಳನ್ನು ಅವಳು ಹೊಸಬರಿಗೆ ಕಲಿಸುತ್ತಿದ್ದಳು. ಅವಳ ನಮೂನೆಯಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ ಎಂಬುದು ಅವಳಿಗಿದ್ದ ಒಂದೇ ಜಂಬ.

ಮನೆ ಅಪ್ಪ ಕಟ್ಟಿಸಿದ್ದು. ಕೆಳಗೆ ತಮ್ಮ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು. ಮೇಲೆ ತಾರಸಿಯಲ್ಲಿ ಒಂದು ಕೋಣೆ, ಅದು ಇವಳದು. ಊಟ ಕೆಳಗೆ, ಎಲ್ಲರೊಟ್ಟಿಗೆ. ಮದುವೆ ಯಾಕಾಗಲಿಲ್ಲ ಎಂದು ನೀವು ಕೇಳಬೇಡಿ; ಕೇಳಿದವರಿಗೆ ಅವಳು ಕೊಡುತ್ತಿದ್ದ ಉತ್ತರವನ್ನು ಇಲ್ಲಿ ಬರೆಯಲಾಗುವುದಿಲ್ಲ. ತಮ್ಮ ಓದಿದ್ದು ಅವಳ ದುಡ್ಡಲ್ಲಿ. ಅಕ್ಕಿ, ಎಣ್ಣೆ, ಹಾಲು, ಗ್ಯಾಸು, ಹುಡುಗಿಯ ಶಾಲೆ ಅವಳ ಸಂಬಳದಲ್ಲಿ. ತಮ್ಮನ ಸಂಬಳ ಅವನ ಬೈಕಿಗೆ, ಅವನ ಫೋನಿಗೆ, ಗೋಡೆಯಷ್ಟಗಲದ ಟಿವಿಗೆ. ಇದನ್ನು ಯಾರೂ ಕೂತು ಹಂಚಿದ್ದಲ್ಲ. ಅಕ್ಕ ಕೊಡುತ್ತಾಳೆ, ಕೊಡಲಿ ಬಿಡು ಎಂದು ಸುಮ್ಮನಿದ್ದು ಆದದ್ದು.

ರಾತ್ರಿ ಊಟಕ್ಕೆ ಕೂತಾಗ ಅವಳು ದಿನದ ಕಥೆ ಹೇಳುತ್ತಿದ್ದಳು. ಆ ಮನೆಯವರು ಫ್ರಿಜ್ಜಿಗೆ ಹೊದಿಕೆ ಹೊದಿಸಿ ಅದರ ಮೇಲೆ ಹಾಸಿಗೆ ಪೇರಿಸಿದ್ದರು. ಈ ಮನೆಯವರು ಸ್ಕೂಟರನ್ನು ಪಕ್ಕದ ಮನೆಗೆ ತಳ್ಳಿದ್ದರು. ಅಗ್ಗದ ಅಕ್ಕಿಯ ಕಾರ್ಡು ಕಿತ್ತುಕೊಳ್ಳೋಕೆ ಬಂದಿದ್ದೀನಿ ಅಂದ್ಕೊಂಡ್ರು, ಸಂಬಳದವರಿದ್ರೆ ಆ ಸಂಬಳಾನೇ ಬಚ್ಚಿಡ್ತಾರೆ, ನಮ್ಮ ಸರ್ವೆಗೂ ಕಾರ್ಡಿಗೂ ಸಂಬಂಧವೇ ಇಲ್ಲ ಅಂದ್ರೆ ಒಬ್ಬರಾದ್ರೂ ನಂಬಲ್ಲ, ಎನ್ನುತ್ತಿದ್ದಳು. ತಮ್ಮನೂ ಅವನ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ನಗುತ್ತಲೇ ಪಾಠ ಕಲಿಯುತ್ತಿದ್ದಾರೆಂದು ಅವಳಿಗೆ ಹೊಳೆಯಲಿಲ್ಲ. ಅವಳು ಮಾಡಿದ ತಪ್ಪು ಅದೊಂದೇ, ಅದೂ ಉಣ್ಣುವಾಗ.

ಸರ್ವೆಗೆ ಮನೆ ಆರಿಸಲು ಎತ್ತುವ ಈ ವರ್ಷದ ಚೀಟಿಯಲ್ಲಿ ಅವಳದೇ ಮನೆ ಎದ್ದಿತು. ಸ್ವಂತ ಮನೆಯನ್ನು ತಾನೇ ಬರೆಯುವಂತಿಲ್ಲವಲ್ಲ, ಬೇರೆ ವಿಭಾಗದ ಗಣತಿದಾರ ಬಂದ. ನಿವೃತ್ತಿಗೆ ಎರಡು ವರ್ಷ ಬಾಕಿ, ಮಂಡಿನೋವು, ಕೈಯಲ್ಲಿ ಛತ್ರಿ. ಇವಳನ್ನು ನೋಡಿದವನಲ್ಲ. ಪಾಪ ಸುಸ್ತಾಗಿರುತ್ತಾರೆ, ಆ ಬೇಸರ ನನಗೆ ಗೊತ್ತು ಎಂದು ಅವಳೇ ಅಡುಗೆಮನೆಗೆ ಹೋಗಿ ಟೀ ಮಾಡಿದಳು. ತಟ್ಟೆ ಹಿಡಿದು ನಡುಮನೆಗೆ ಬರುವಾಗ ಅವನು ಕೇಳುತ್ತಿದ್ದ, “ಮನೇಲಿ ಒಟ್ಟು ಎಷ್ಟು ಜನ?”

“ಮೂರು ಜನ,” ಎಂದಳು ತಮ್ಮನ ಹೆಂಡತಿ.

ಗಣತಿದಾರ ತಲೆ ಎತ್ತಿ ಟೀ ತಂದವಳನ್ನು ನೋಡಿದ. “ಇವರು?”

“ಅವರು ಮೇಲಿನ ರೂಮಲ್ಲಿ ಬಾಡಿಗೆಗಿದ್ದಾರೆ. ಏನೋ ಒಳ್ಳೆಯವರು, ಬಂದವರಿಗೆ ಟೀ ಗೀ ಮಾಡಿಕೊಡ್ತಾರೆ.”

ತಟ್ಟೆ ಹಿಡಿದವಳು ತಮ್ಮನ ಕಡೆ ನೋಡಿದಳು. ಅವನು ಸೋಫಾದಲ್ಲಿ ಒರಗಿ ಫೋನು ಉಜ್ಜುತ್ತಿದ್ದ. ಮಾತು ಕಿವಿಗೆ ಬಿದ್ದಿತ್ತು, ಬೀಳದೆ ಏನು. ತಲೆ ಮಾತ್ರ ಎತ್ತಲಿಲ್ಲ. ಇಂಥವನನ್ನು ಎತ್ತಿ ಆಡಿಸಿದ್ದು, ಜ್ವರ ಬಂದರೆ ರಾತ್ರಿಯೆಲ್ಲ ಕೂತಿದ್ದು.

ಗಣತಿದಾರ ಅಕ್ಕಿಯ ಸಾಲಿಗೆ ಬಂದ. ಹೆಂಡತಿ ಸಲೀಸಾಗಿ ತಿಂಗಳ ಅಕ್ಕಿ, ತಿಂಗಳ ಎಣ್ಣೆ ಹೇಳಿದಳು. ಅವನು ಹುಬ್ಬು ಗಂಟಿಕ್ಕಿದ. “ಮೂರು ಜನಕ್ಕೆ ಇಷ್ಟೊಂದಾ ತಾಯಿ? ಅದರಲ್ಲಿ ಒಬ್ಬಳು ಮಗು.”

“ನಮ್ಮನೆಯವರು ಸ್ವಲ್ಪ ಜಾಸ್ತಿ ಉಣ್ತಾರೆ.”

ತಟ್ಟೆಯನ್ನು ಮೇಜಿನ ಮೇಲಿಟ್ಟು ಇವಳು ನೆಟ್ಟಗೆ ನಿಂತಳು. ಮೈಯೆಲ್ಲ ಉರಿಯುತ್ತಿತ್ತು, ದನಿ ಮಾತ್ರ ಕಚೇರಿಯದೇ. “ಬರ್ಕೊಳ್ಳಿ ಸಾರ್. ಇದೇ ಮನೆ ನಂಬರು, ಎರಡನೇ ಒಲೆ. ಮೇಲಿನ ರೂಮು. ಒಬ್ಬಳೇ.”

“ಬೇರೆ ಒಲೆ ಇದೆಯಾ ಅಮ್ಮಾ?”

“ಇವತ್ತು ಸಂಜೆಯಿಂದ ಇರುತ್ತೆ.”

“ಹಾಗಾದ್ರೆ ಮುಂದಿನ ಸಲ ಬಂದಾಗ ಸೇರಿಸ್ತೀನಿ,” ಎಂದು ಅವನು ಅಂಚಿನಲ್ಲಿ ಗುರುತು ಹಾಕಿಕೊಂಡ. ಒಂದೊಂದು ಮನೆಗೆ ಮೂರು ಮೂರು ತಿಂಗಳಿಗೊಮ್ಮೆ ಹೋಗುವುದು ಅವರ ಪದ್ಧತಿ.

ಅವನು ಹೋದ ಮೇಲೆ ತಮ್ಮ ಮಹಾರಾಯ ಬಾಯಿ ಬಿಟ್ಟ. “ಅಕ್ಕಾ, ಬರೀ ಕಾಗದಕ್ಕೆ ಕಣೇ ಅದು. ಎರಡು ಸಂಬಳ ಅಂದ್ರೆ ಅಕ್ಕಿ ಕಾರ್ಡು ಹೋಗುತ್ತೆ. ಸಂಬಳಾನ ಎಲ್ರೂ ಮುಚ್ಚಿಡ್ತಾರೆ ಅಂತ ನೀನೇ ಹೇಳ್ತಿದ್ದಲ್ಲ.”

“ಅವರು ಸ್ಕೂಟರ್ ಮುಚ್ಚಿಡ್ತಿದ್ರು ಕಣೋ. ಅಕ್ಕನ್ನಲ್ಲ.”

“ಇಷ್ಟಕ್ಕೆಲ್ಲ ಇಷ್ಟು ದೊಡ್ಡದು ಮಾಡ್ಬೇಡಿ ಅತ್ತಿಗೆ,” ಎಂದಳು ಹೆಂಡತಿ. “ಕಾರ್ಡು ಹೋದ್ರೆ ನಷ್ಟ ನಿಮಗೂ ತಾನೇ?”

“ಬಾಡಿಗೆಯವಳಿಗೆ ಯಾವ ಕಾರ್ಡೇ? ಯಾವ ನಷ್ಟ?”

ಅಂದೇ ಸಂಜೆ ಅವಳು ಒಂದು ಬರ್ನರಿನ ಒಲೆ, ಸಣ್ಣ ಸಿಲಿಂಡರು, ಎರಡು ಪಾತ್ರೆ ಹೊರಿಸಿಕೊಂಡು ಬಂದಳು. ಕೆಳಗಿನ ಹಾಲು ನಿಲ್ಲಿಸಿ ಮೇಲೆ ಅರ್ಧ ಲೀಟರು ಹಾಕಿಸಿಕೊಂಡಳು. ಅಕ್ಕಿಯ ಅಂಗಡಿಯವನಿಗೂ ಹಾಗೇ ಹೇಳಿದಳು. ಹುಡುಗಿಯ ಶಾಲೆಯ ಫೀಸು ಮಾತ್ರ ನಿಲ್ಲಿಸಲಿಲ್ಲ. ಮೊದಲ ವಾರ ಕೆಳಗಿನವರು ಮೂಗು ಮುರಿದರು, ಕೋಪ ಇಳಿದ ಮೇಲೆ ತಾನಾಗೇ ಬರುತ್ತಾಳೆ ಎಂದುಕೊಂಡರು. ಎರಡನೇ ವಾರ ತಮ್ಮ ಮೆಟ್ಟಿಲ ಕೆಳಗೆ ನಿಂತು ಕೆಮ್ಮಿದ. ಇವಳು ರೇಡಿಯೋದ ದನಿ ಜೋರು ಮಾಡಿದಳು. ಹೋಗಲಿ ಪಾಪ ಎನ್ನುವವರು ಅನ್ನಲಿ, ನನಗಂತೂ ಅವಳು ಮಾಡಿದ್ದೇ ಸರಿ ಅನ್ನಿಸುತ್ತದೆ.

ಮೇಲೆ ಹತ್ತಿ ಬಂದವಳು ಹುಡುಗಿ ಒಬ್ಬಳೇ. ಮೊದಲ ದಿನ ಗಣಿತ ಕೇಳುವ ನೆಪ. ಎರಡನೇ ದಿನ ಪೆನ್ಸಿಲ್ಲಿನ ನೆಪ. ಮೂರನೇ ದಿನ ನೆಪ ಸಿಗದೆ ಬಾಗಿಲಲ್ಲೇ ನಿಂತಳು.

“ಅತ್ತೆ, ಹಾಲಿದೆಯಾ?”

“ಯಾಕೆ, ಕೆಳಗಿಲ್ವಾ?”

“ಅಮ್ಮ ಟೀಗೆ ಪುಡಿ ಹಾಲು ತಂದಿದ್ದಾಳೆ. ಅದು ನನಗೆ ಸೇರಲ್ಲ.”

ಇಪ್ಪತ್ತೊಂದು ವರ್ಷ ಬೇರೆಯವರ ಮನೆಯಲ್ಲಿ ಬರೆದ ಹಾಲಿನ ಸಾಲು ಸ್ವಂತ ಮನೆಯಲ್ಲಿ ಲೋಟ ಹಿಡಿದು ನಿಂತಿತ್ತು. ನಿಲ್ಲಿಸಿದ್ದು ತಾನೇ, ಆದರೆ ಅವರು ರೀಚಾರ್ಜು ನಿಲ್ಲಿಸಿ ಹಾಲು ಹಾಕಿಸಿಕೊಳ್ಳುತ್ತಾರೆಂದು ಎಣಿಸಿದ್ದಳಾ? ಎಣಿಸಿದ್ದರೆ ಅವಳಷ್ಟು ದಡ್ಡಿ ಇನ್ನೊಬ್ಬಳಿಲ್ಲ. ಎರಡು ಲೋಟ ಹಾಲು ಕಾಯಿಸಿದಳು. ಅಂದಿನಿಂದ ಹುಡುಗಿಯ ರಾತ್ರಿಯೂಟ ಮೇಲೆಯೇ ಆಯಿತು. ತಾಯಿ ಕರೆಯಲಿಲ್ಲ, ಒಂದು ತಟ್ಟೆ ಉಳಿಯುತ್ತದಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಗಣತಿದಾರ ಮತ್ತೆ ಬಂದ. ಕೆಳಗಿನ ಮಾತೆಲ್ಲ ಇವಳಿಗೆ ಮೆಟ್ಟಿಲ ತುದಿಗೆ ಕೇಳುತ್ತಿತ್ತು. ಅಕ್ಕಿ ಅರ್ಧಕ್ಕರ್ಧ ಇಳಿದಿದೆ, ಬೇಳೆ ಇಳಿದಿದೆ, ಹಾಲು ಇಲ್ಲವೇ ಇಲ್ಲ. ರೀಚಾರ್ಜು ಹೋದ ಸಲದಷ್ಟೇ, ಟಿವಿ ಕಂತು ಅಷ್ಟೇ, ಬೈಕಿನ ಕಂತು ಅಷ್ಟೇ.

“ಇಷ್ಟು ಕಡಿಮೆಯಾಗೋಕೆ ಕಾರಣ ಏನು ತಾಯಿ? ಇಲ್ಲಿ ಬರೀಬೇಕು.”

“ಬೆಲೆ ಏರಿದೆಯಲ್ಲ,” ಎಂದಳು ಹೆಂಡತಿ.

ಅವನು ಹಾಗೇ ಬರೆದುಕೊಂಡ. ನಾಳೆ ಇದು ವರದಿಯಾಗಿ ಬರುತ್ತದೆ, ಬೆಲೆ ಏರಿಕೆಯಿಂದ ಮನೆಗಳು ಹಾಲು ಬಿಡುತ್ತಿವೆ ಎಂದು ದೊಡ್ಡವರು ತಲೆದೂಗುತ್ತಾರೆ. ಮೇಲಿದ್ದವಳಿಗೆ ನಗು ಬಂತು, ಆ ನಗು ಒಳ್ಳೆಯದಾಗಿರಲಿಲ್ಲ.

ಅವನು ಮಂಡಿ ಹಿಡಿದುಕೊಂಡು ಮೇಲೆ ಹತ್ತಿದ. ಏನು ಬರೆಸುತ್ತಾಳೋ ನೋಡೋಣ ಎಂದು ತಮ್ಮನ ಹೆಂಡತಿ ಹಿಂದೆಯೇ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ಹುಡುಗಿ ಮಂಚದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

“ಈ ಒಲೇಲಿ ಎಷ್ಟು ಜನ ಅಮ್ಮಾ?”

ಇವಳು ಬಾಗಿಲ ಕಡೆ ನೋಡಿ ಹೇಳಿದಳು, “ಇಬ್ಬರು. ನಾನು, ಈ ಹುಡುಗಿ. ಕಳೆದ ಮೂವತ್ತು ದಿನದಲ್ಲಿ ಇಪ್ಪತ್ತಾರು ರಾತ್ರಿ ಇಲ್ಲೇ ಉಂಡಿದ್ದಾಳೆ.”

ಗಣತಿದಾರ ಕೆಳಗಿನ ನಮೂನೆ ತಿರುವಿದ. “ಇವಳನ್ನ ಕೆಳಗೆ ಬರೆಸಿದ್ದೀರಲ್ಲ ತಾಯಿ. ಎರಡು ಕಡೆ ಬರೆಯೋ ಹಾಗಿಲ್ಲ. ಅಲ್ಲಿ ಹೊಡೆದು ಹಾಕ್ಬೇಕಾಗುತ್ತೆ.”

“ನನ್ನ ಮಗಳು ಅವಳು,” ಎಂದಳು ತಾಯಿ. ಮುಖದಲ್ಲಿ ರಕ್ತವಿರಲಿಲ್ಲ. “ನಾನು ಹೆತ್ತವಳು. ಹೊಡೆದು ಹಾಕೋಕೆ ಇವರ್ಯಾರು?”

“ನಾನು ನಿನ್ನ ಗಂಡನ ಅಕ್ಕ. ನನ್ನನ್ನ ಹೊಡೆದು ಹಾಕೋಕೆ ನಿನಗೆ ಎಷ್ಟು ಹೊತ್ತು ಹಿಡೀತು? ಟೀ ಆರೋಷ್ಟರಲ್ಲಿ ಆಗೋಗಿತ್ತು.” ಮೂರು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಮಾತು. ಆಡಿದ ಮೇಲೆ ಹೊಟ್ಟೆ ತಣ್ಣಗಾಯಿತು. “ಬರೀರಿ ಸಾರ್, ಇಬ್ಬರು.”

ಅವನು ಬರೆದ. ಆಮೇಲೆ ಕೆಳಗಿನ ನಮೂನೆಯಲ್ಲಿ ಹುಡುಗಿಯ ಸಾಲಿನ ಮೇಲೆ ಪೆನ್ನಿಟ್ಟ.

ಬಣ್ಣದ ಪೆನ್ಸಿಲ್ಲು ನಿಂತಿತ್ತು. “ಅತ್ತೆ,” ಎಂದಳು ಹುಡುಗಿ, “ಹಾಗಾದ್ರೆ ನಾನು ಕೆಳಗಿನ ಮನೆಯವಳಲ್ವಾ? ಅಪ್ಪಂಗೆ ಗೊತ್ತಾ?”

ಅದೇ ಪ್ರಶ್ನೆಯನ್ನು ಹಿಡಿದು ಇವಳು ಅಂದು ನಡುಮನೆಯಲ್ಲಿ ನಿಂತಿದ್ದಳು, ಕೈಯಲ್ಲಿ ಟೀ ತಟ್ಟೆ ಇತ್ತು ಅಷ್ಟೇ ವ್ಯತ್ಯಾಸ. ಐವತ್ತು ದಾಟಿದ ತನಗೇ ತಡೆಯಲಾಗದ್ದನ್ನು ಒಂಬತ್ತು ವರ್ಷದ ಕೂಸಿನ ತಲೆಗೆ ಕಟ್ಟುತ್ತಿದ್ದೇನೆ ಎಂದು ತಿಳಿದಾಗ ಅವಳಿಗೆ ಅಸಹ್ಯವಾಯಿತು, ಬಾಗಿಲಲ್ಲಿದ್ದವಳ ಮೇಲಲ್ಲ, ತನ್ನ ಮೇಲೆ.

“ಸಾರ್, ತಡೀರಿ,” ಎಂದಳು. “ಲೆಕ್ಕ ತಪ್ಪಿ ಹೇಳಿದೆ. ಇಪ್ಪತ್ತಾರಲ್ಲ, ಹದಿನಾಲ್ಕು.”

ಹದಿನಾಲ್ಕು ಎಂದರೆ ಅರ್ಧಕ್ಕಿಂತ ಕಡಿಮೆ. ಇಪ್ಪತ್ತೊಂದು ವರ್ಷದಲ್ಲಿ ಅವಳ ಬಾಯಿಂದ ನಮೂನೆಗೆ ಬಿದ್ದ ಮೊದಲ ಸುಳ್ಳು ಅಂಕಿ. ಗಣತಿದಾರ ಅವಳ ಮುಖ ನೋಡಿದ. ಅವನೂ ಮೂವತ್ತು ವರ್ಷ ಮನೆಮನೆ ಸುತ್ತಿದವನು, ಸುಳ್ಳು ಅವನಿಗೂ ವಾಸನೆಗೇ ಗೊತ್ತಾಗುತ್ತದೆ. ಏನೂ ಕೇಳದೆ ‘ಇಬ್ಬರು’ ಎಂಬುದರ ಮೇಲೆ ಒಂದು ಗೆರೆ ಎಳೆದು ‘ಒಬ್ಬರು’ ಎಂದು ಬರೆದು ನಮೂನೆ ಮುಂದೆ ತಳ್ಳಿದ. ಅವಳು ಗೆರೆಯ ಪಕ್ಕದಲ್ಲಿ ಸಹಿ ಹಾಕಿದಳು.

“ನಿನಗೋಸ್ಕರ ಅಲ್ಲ,” ಎಂದಳು, ಬಾಗಿಲ ಕಡೆ ತಿರುಗದೆ.

ತಮ್ಮನ ಹೆಂಡತಿ ದಡದಡ ಮೆಟ್ಟಿಲಿಳಿದು ಕೆಳಗಿನ ಬಾಗಿಲು ಹಾಕಿಕೊಂಡಳು. ಗಣತಿದಾರ ಕೊನೆಯ ಪುಟಕ್ಕೆ ಹೋಗಿ, ಬರೆಯುವುದನ್ನು ಜೋರಾಗಿ ಓದುವುದು ಕಟ್ಟಳೆಯಾದ್ದರಿಂದ ಓದಿದ, “ಹೊರಗಿನವರಿಗೆ ಬಡಿಸಿದ ಊಟ, ಹದಿನಾಲ್ಕು.” ಛತ್ರಿ ಎತ್ತಿಕೊಂಡು ಹೊರಟ.

“ಹೊರಗಿನವರು ಅಂದ್ರೆ ಯಾರತ್ತೆ?” ಎಂದಳು ಹುಡುಗಿ.

“ನೀನೇ ಕಣೇ,” ಎಂದು ಅವಳು ಒಲೆ ಹಚ್ಚಿದಳು. “ಹೋಗಿ ಕೈ ತೊಳ್ಕೊಂಡು ಬಾ.”