ಮುಟ್ಟಬಾರದ ಬ್ಯಾರೆಲ್

ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆಯ ವಾಸನೆಗೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ನನಗೆ ಬರುತ್ತದೆ. ಇವತ್ತು ಬೆಳಿಗ್ಗೆ ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಮನೆಯಲ್ಲಿ ಹೊಸ ವರ್ಷದ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದೆ. ಇಲ್ಲಿಯವರ ಪದ್ಧತಿ ಅದು. ವರ್ಷಕ್ಕೊಮ್ಮೆ ಗುರುತಿನವರಿಗೆ ಎರಡು ಸಾಲು ಬರೆದು ಹಾಕದಿದ್ದರೆ ನಾವು ಸತ್ತೇಹೋದೆವೇನೋ ಅಂದುಕೊಳ್ಳುತ್ತಾರೆ. ಪಕ್ಕದಲ್ಲಿ ನನ್ನ ಹೆಂಡತಿ ಸುಮಾ ಮೆಷಿನ್ನಿಗೆ ಎಣ್ಣೆ ಬಿಟ್ಟಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಪೆನ್ನು ನಿಂತಿತು.

"ಏನ್ರೀ, ಮತ್ತೆ ಆ ಮುಖ?"

"ಕಿಟಕಿ ತೆಗಿ," ಅಂದೆ, ಬೇಕಾದ್ದಕ್ಕಿಂತ ಜೋರಾಗಿ.

ಬೆಂಗಳೂರಿನಲ್ಲಿ ಕಾಲೇಜು ಓದುವಾಗ ನಾನೊಂದು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದೆ. ನಾವು ಆರು ಜನ, ಪಿಸ್ತೂಲು ಒಂದೇ. ಆದರೆ ಅದಕ್ಕೆ ಬ್ಯಾರೆಲ್, ಅಂದರೆ ಗುಂಡು ಹೊರಡುವ ನಳಿಗೆ, ಎರಡು: ಪಂದ್ಯಕ್ಕೆ ದಪ್ಪ ಗುಂಡಿನದು, ಅಭ್ಯಾಸಕ್ಕೆ ಸಣ್ಣ ಗುಂಡಿನದು. ಹಿಡಿ ಅದೇ, ಟ್ರಿಗರ್ ಅದೇ, ಹಾಗಾಗಿ ಕೈಗೆ ಹೊಸದೆನಿಸುವುದಿಲ್ಲ. ಮದುವೆಮನೆಯ ಬಾಚಣಿಗೆಯ ಹಾಗೆ ಅದು ಕೈಯಿಂದ ಕೈಗೆ ಓಡಾಡುತ್ತಿತ್ತು. ಗುರಿಯ ವಿಷಯ ನನ್ನನ್ನು ಕೇಳಬೇಡಿ. ನನ್ನ ಗುಂಡುಗಳು ಹೆಚ್ಚಾಗಿ ಹಿಂದಿನ ಮಣ್ಣಿನ ದಿಬ್ಬಕ್ಕೇ ಹೋಗುತ್ತಿದ್ದವು. ಬ್ಯಾರೆಲ್ ಬದಲಿಸುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ. "ಮಗಾ, ಸ್ವಲ್ಪ ಹಾಕ್ಕೊಡೋ," ಅನ್ನುವರು. ಅರ್ಧ ನಿಮಿಷ. ಕೈಗೆಲ್ಲ ಎಣ್ಣೆ. ಅಷ್ಟೇ ನನ್ನ ಕ್ರೀಡಾಸಾಧನೆ.

ಆಮೇಲೆ ಬಂತಲ್ಲ, ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಜಗತ್ತು ಹೆದರಿದ ಕಾಲ. ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡಲು ಕಂಪನಿ ನನ್ನನ್ನು ಟೋಕಿಯೋಗೆ ಕಳಿಸಿತು. ಅಲ್ಲಿ ಪಕ್ಕದ ಮೇಜಿನವರೇ ಮೊರಿವಾಕಿಸಾನ್. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಪಿಸ್ತೂಲಿನ ಪರವಾನಗಿ ಬೆರಳೆಣಿಕೆಯ ಜನಕ್ಕೆ ಮಾತ್ರ ಸಿಗುವ ದೇಶದಲ್ಲಿ ಅವರ ಬಳಿ ಅದಿತ್ತು. ವರ್ಷಗಟ್ಟಲೆ ಕಾದು, ಪರೀಕ್ಷೆ ಬರೆದು, ಪೊಲೀಸರಿಗೆ ಮನೆಯ ಮೂಲೆಮೂಲೆ ತೋರಿಸಿ ಪಡೆದದ್ದು. ಆ ವರ್ಷದ ರಾಷ್ಟ್ರೀಯ ಆಯ್ಕೆಯೇ ತನ್ನ ಕೊನೆಯ ಅವಕಾಶ, ಕಣ್ಣು ಮಂಜಾಗುತ್ತಿದೆ ಎಂದಿದ್ದರು.

ನನ್ನ ಕ್ಲಬ್ಬಿನ ಕಥೆ ಕೇಳಿ ಒಂದು ಭಾನುವಾರ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಪೆಟ್ಟಿಗೆ ತೆರೆದರೆ ಅದೇ ಎಣ್ಣೆಯ ವಾಸನೆ, ಒಂದು ಪಿಸ್ತೂಲು, ಎರಡು ಬ್ಯಾರೆಲ್. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ನೋಡಿ, ಮುಟ್ಟಬೇಡಿ," ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಇದು ನನ್ನ ಹೆಸರಿನಲ್ಲಿದೆ. ಬಿಡಿ ಬ್ಯಾರೆಲ್ ಕೂಡ ಕಾನೂನಿಗೆ ಬಂದೂಕೇ. ಇನ್ನೊಬ್ಬರ ಕೈ ತಗುಲಿದರೆ ನನ್ನ ಪರವಾನಗಿ ಹೋಗುತ್ತದೆ."

ಎರಡನೆಯ ಭಾನುವಾರವೂ ಅದನ್ನೇ ಹೇಳಿದರು. ಮೂರನೆಯ ಭಾನುವಾರವೂ. ನಾನು ಅವರ ಭಾಷೆಯಲ್ಲೇ "ಹಾಯ್, ಹಾಯ್", ಹೌದು ಹೌದು, ಎಂದು ತಲೆಯಾಡಿಸಿದೆ. ನಮ್ಮಜ್ಜಿಯ ಮಡಿಯಾದರೂ ವಾಸಿ ಎಂದು ಒಳಗೊಳಗೇ ನಕ್ಕೆ.

ಆಯ್ಕೆಯ ದಿನ ಎರಡು ಸುತ್ತಿನ ನಡುವೆ ಬ್ಯಾರೆಲ್ ಬದಲಿಸಬೇಕಿತ್ತು. ನಾನು ನೋಡುವವರಿಗೆಂದು ಕಟ್ಟಿದ ಹಗ್ಗದ ಈಚೆ ನಿಂತಿದ್ದೆ. ಚಳಿಗೆ ಮರಗಟ್ಟಿದ ಅವರ ಬೆರಳಿಗೆ ಸ್ಕ್ರೂ ಸಿಗುತ್ತಿಲ್ಲ. ಒಮ್ಮೆ ಜಾರಿತು, ಎರಡನೆಯ ಸಲ ಜಾರಿತು. ಗಡಿಯಾರ ಓಡುತ್ತಿದೆ. ಯಾರೋ "ಮಗಾ, ಸ್ವಲ್ಪ ಹಾಕ್ಕೊಡೋ" ಅಂದಂತಾಯಿತು. ಹಗ್ಗ ದಾಟಿದೆ, ಅವರ ಕೈಯಿಂದ ಬ್ಯಾರೆಲ್ ತೆಗೆದುಕೊಂಡೆ, ಕೂರಿಸಿದೆ, ಬಿಗಿದೆ. ಅರ್ಧ ನಿಮಿಷ.

ಯಾರೂ ನೋಡಿರಲಿಲ್ಲ. ಪಂದ್ಯದ ಅಧಿಕಾರಿ ಆ ಕಡೆ ತಿರುಗಿದ್ದ. ಮೊರಿವಾಕಿಸಾನ್ ಪಿಸ್ತೂಲನ್ನು ನೋಡಲಿಲ್ಲ, ಎಣ್ಣೆಯಾಗಿದ್ದ ನನ್ನ ಬೆರಳುಗಳನ್ನು ನೋಡಿದರು. ಆಮೇಲೆ ಕೈಯೆತ್ತಿ ಅಧಿಕಾರಿಯನ್ನು ಕರೆದರು. ಸೊಂಟ ಬಗ್ಗಿಸಿ ಹೇಳಿದರು: "ನನ್ನ ಅತಿಥಿ ಬ್ಯಾರೆಲ್ ಮುಟ್ಟಿದರು. ಮುಟ್ಟಬಾರದೆಂದು ನಾನು ಅವರಿಗೆ ಹೇಳಿರಲಿಲ್ಲ. ತಪ್ಪು ನನ್ನದು."

ಅಲ್ಲಿಗೆ ಆಯ್ಕೆ ಮುಗಿಯಿತು. ಕೆಲವು ತಿಂಗಳಲ್ಲಿ ಪರವಾನಗಿಯೂ ಹೋಯಿತು.

ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಕೂಗಾಡಿದೆ. "ಒಬ್ಬನೂ ನೋಡಿರಲಿಲ್ಲ! ಯಾಕೆ ಹೇಳಿದಿರಿ?" ತೋಜಾಯ್ ಲೈನಿನ ರೈಲುಗಳಲ್ಲಿ ಯಾರೂ ಕೂಗುವುದಿಲ್ಲ. "ನಾನು ನೋಡಿದೆ," ಎಂದರು ಅವರು. ಆಮೇಲೆ ನನ್ನ ಕೂಗಿಗಾಗಿ ಎದುರು ಕೂತವರಿಗೆಲ್ಲ "ಸುಮಿಮಾಸೆನ್", ಕ್ಷಮಿಸಿ, ಎಂದು ತಲೆಬಾಗಿಸಿದರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯನ್ನು ಇಷ್ಟು ವರ್ಷ ಆರದಂತೆ ಸಾಕಿಕೊಂಡು ಬಂದಿದ್ದೇನೆ. ಪಕ್ಕದ ಊರು ಉರಯಾಸುವಿನಲ್ಲಿ ನಮ್ಮ ಕಡೆಯವರು ಯಾರ ಮನೆಯ ಊಟಕ್ಕೆ ಹೋದರೂ ಈ ಕಥೆ ಹೇಳುತ್ತೇನೆ. "ರೂಲ್ಸ್ ಅಂದ್ರೆ ಪ್ರಾಣ ಬಿಡ್ತಾರೆ ಮಾರಾಯ, ತಲೆ ಕೆಟ್ಟ ಜನ!" ಎಲ್ಲರೂ ನಗುತ್ತಾರೆ. ಬ್ಯಾರೆಲ್ ಬದಲಿಸಿದವರಿಗೆ ಒಂದು ವಿಷಯ ಗೊತ್ತು. ಗುರಿ ನೋಡುವ ಸೈಟನ್ನು ಮತ್ತೆ ಹೊಂದಿಸದಿದ್ದರೆ ಗುಂಡುಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ಬೀಳುತ್ತವೆ, ಆದರೆ ಬೀಳಬೇಕಾದಲ್ಲಿ ಅಲ್ಲ. ನನ್ನ ಸಿಟ್ಟು ಹಾಗೆ ಬಿದ್ದಿತ್ತು.

ಯಾಕೆಂದರೆ ಕಥೆಯಲ್ಲಿ ಒಂದು ಮಾತನ್ನು ನಾನು ಯಾವಾಗಲೂ ಹಾರಿಸುತ್ತೇನೆ. ಈಗ ನಿಮ್ಮೆದುರಿಗೂ ಹಾರಿಸಿದೆ. ಆ ದಿನ ಅಧಿಕಾರಿ ನನ್ನ ಕಡೆ ತಿರುಗಿ, "ಇವರು ನಿಮಗೆ ಹೇಳಿರಲಿಲ್ಲವೇ?" ಎಂದು ಕೇಳಿದ. ಮೊರಿವಾಕಿಸಾನ್ ತಮ್ಮ ಬೂಟು ನೋಡುತ್ತ ನಿಂತಿದ್ದರು. ಅರ್ಧ ನಿಮಿಷದ ತಪ್ಪನ್ನೂ ಮುಚ್ಚಿಡಲಾರದ ಆ ಮನುಷ್ಯ ನನಗಾಗಿ ಸುಳ್ಳು ಹೇಳಿದ್ದರು. ನನ್ನ ವೀಸಾ ನೆನಪಾಯಿತು, ಪೊಲೀಸ್ ಠಾಣೆ ನೆನಪಾಯಿತು. "ಹೇಳಿರಲಿಲ್ಲ," ಎಂದೆ. ಹೇಡಿ, ಶುದ್ಧ ಹೇಡಿ ನಾನು. ಆ ಹೇಡಿಯನ್ನು ಬೈಯಲಾರದೆ ಇಷ್ಟು ವರ್ಷ ಒಬ್ಬ ಸಜ್ಜನನನ್ನು ಬೈದೆ.

ಮೊರಿವಾಕಿಸಾನ್ ಅವರ ಕಾರ್ಡು ಪ್ರತಿ ವರ್ಷ ಬರುತ್ತದೆ. ಅಂಗಳದ ಕಾಕಿ ಮರ ಎಷ್ಟು ಹಣ್ಣು ಬಿಟ್ಟಿತು ಎಂಬ ಒಂದೇ ಸುದ್ದಿ. ನಾನೂ ಪ್ರತಿ ವರ್ಷ ಅಚ್ಚಾದ ಶುಭಾಶಯದ ಕೆಳಗೆ ಸಹಿ ಹಾಕಿ ಕಳಿಸುತ್ತೇನೆ. ಇವತ್ತು ಅವರಿಗೆ ಕಳಿಸುವ ಕಾರ್ಡನ್ನು ಮುಂದಿಟ್ಟುಕೊಂಡು, ನನ್ನ ಸೊಟ್ಟ ಜಪಾನಿ ಅಕ್ಷರದಲ್ಲಿ ಬರೆದೆ: "ನೀವು ನನಗೆ ಹೇಳಿದ್ದಿರಿ. ಮೂರು ಸಲ."

ಸುಮಾ ಶಾಲು ಹೊದ್ದುಕೊಂಡು ಕೇಳಿದಳು, "ಚಳಿ ಕಣ್ರೀ. ಕಿಟಕಿ ಮುಚ್ಚಲಾ?"

"ಮುಚ್ಚು," ಅಂದೆ. "ವಾಸನೆ ಇರ್ಲಿ."